ಪೆನ್‌ಡ್ರೈವ್‌ನಿಂದ ಓಡುವ ಅಲ್ಪೈನ್ ಲಿನಕ್ಸ್: ಸೆಟ್ಟಿಂಗ್‌ಗಳು ಕಳೆದುಹೋಗದಂತೆ ಬ್ಯಾಕಪ್ ಮಾಡುವ ಬಗೆ

ನಮ್ಮ ಮನೆಯ ಮೂಲೆಯಲ್ಲಿ ಒಂದು ಹಳೇ ಪುಟ್ಟ ಪಿಸಿ ಇದೆ. ಅದಕ್ಕೆ ಹಾರ್ಡ್‌ಡಿಸ್ಕ್ ಇಲ್ಲ. ಹಿಂದುಗಡೆ ಒಂದು ಪೆನ್‌ಡ್ರೈವ್ ಚುಚ್ಚಿದೆ, ಅದರಲ್ಲಿ ಅಲ್ಪೈನ್ ಲಿನಕ್ಸ್. ಮನೆಯ ಫೋನು, ಲ್ಯಾಪ್‌ಟಾಪುಗಳಿಗೆ ಐಪಿ ಹಂಚುವುದು, ಡಿಎನ್‌ಎಸ್ ಉತ್ತರ ಕೊಡುವುದು (ಅಂದರೆ ವೆಬ್‌ಸೈಟಿನ ಹೆಸರು ಕೇಳಿದರೆ ಅದರ ವಿಳಾಸ ಹೇಳುವುದು) ಅದರ ಕೆಲಸ. ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಬಂತು. ಪಿಸಿ ತಾನಾಗಿಯೇ ಎದ್ದಿತು. ನೆಟ್‌ವರ್ಕ್ ಸರಿಯಿತ್ತು, ಪಾಸ್‌ವರ್ಡ್ ಸರಿಯಿತ್ತು. ಆದರೆ ಹಿಂದಿನ ವಾರ ಎರಡು ಸಂಜೆ ಕೂತು ಬರೆದಿದ್ದ ಒಂದು ಸರ್ವಿಸ್ ಸ್ಕ್ರಿಪ್ಟ್ ಮಾತ್ರ ಕಾಣಲಿಲ್ಲ. ನಾನು ಬ್ಯಾಕಪ್ ಮಾಡಿದ್ದೆ. ಆದರೂ ಅದು ಹೋಗಿತ್ತು.

ಯಾಕೆ ಹೋಯಿತು ಅನ್ನುವುದು ಅರ್ಥವಾದ ಮೇಲೆ ಈ ವ್ಯವಸ್ಥೆಯ ಬಗ್ಗೆ ನನ್ನ ಅಭ್ಯಾಸವೇ ಬದಲಾಯಿತು. ಅದನ್ನು ನಿಮಗೂ ಮೊದಲಿನಿಂದ ಹೇಳುತ್ತೇನೆ.

ಒಂದು ಮಾತು. ಕಮಾಂಡುಗಳನ್ನು ಇಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಅಡ್ಡಗೆರೆ, ಚುಕ್ಕೆ, ಜಾಗ ಎಲ್ಲ ಇಲ್ಲಿರುವ ಹಾಗೆಯೇ ಇರಲಿ.

ರ‍್ಯಾಮ್ ಸ್ಲೇಟು, ಪೆನ್‌ಡ್ರೈವ್ ನೋಟ್‌ಬುಕ್

ಅಲ್ಪೈನ್ ತುಂಬಾ ಚಿಕ್ಕ ಲಿನಕ್ಸ್. ಮಸಲ್ ಎಂಬ ಸಣ್ಣ ಸಿ ಲೈಬ್ರರಿ, ಪುಟ್ಟ ಕಮಾಂಡುಗಳ ಗುಂಪಾದ ಬ್ಯುಸಿಬಾಕ್ಸ್, ಸರ್ವಿಸುಗಳನ್ನು ಶುರುಮಾಡುವ ಓಪನ್‌ಆರ್‌ಸಿ ಇವುಗಳ ಮೇಲೆ ನಿಂತಿದೆ. ಇದನ್ನು ಡಿಸ್ಕ್‌ಲೆಸ್ ಎಂಬ ರೀತಿಯಲ್ಲಿ ಓಡಿಸಬಹುದು. ಆಗ ಬೂಟ್ ಆಗುವಾಗ ಸಿಸ್ಟಮ್ ರ‍್ಯಾಮ್‌ನಲ್ಲಿ ಕಟ್ಟಿಕೊಳ್ಳುತ್ತದೆ. ನೀವು ಬದಲಿಸುವ ಪ್ರತಿ ಫೈಲೂ ರ‍್ಯಾಮ್‌ನಲ್ಲೇ ಬದಲಾಗುತ್ತದೆ. ಪೆನ್‌ಡ್ರೈವ್ ಸಾಮಾನ್ಯವಾಗಿ ಓದಲು ಮಾತ್ರ ಎಂಬಂತೆ ಜೋಡಿಸಿರುತ್ತದೆ.

ಇದರಿಂದ ಒಳ್ಳೆಯದೇ ಜಾಸ್ತಿ. ಸುಮ್ನೆ ಪ್ಲಗ್ ಕಿತ್ತರೂ ಸಿಸ್ಟಮ್ ಕೆಡುವುದಿಲ್ಲ. ಪದೇ ಪದೇ ಬರೆದು ಪೆನ್‌ಡ್ರೈವ್ ಸವೆಯುವುದಿಲ್ಲ. ಕರೆಂಟ್ ಆಗಾಗ ಹೋಗುವ ಮನೆಗಳಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ರ‍್ಯಾಮ್ ಅನ್ನುವುದು ಸ್ಲೇಟು. ಆಫ್ ಆದ ಕ್ಷಣ ಒರೆಸಿ ಹೋಗುತ್ತದೆ. ಉಳಿಯಬೇಕಾದದ್ದನ್ನು ನೀವೇ ನೋಟ್‌ಬುಕ್ಕಿಗೆ ಇಳಿಸಬೇಕು.

ಇಳಿಸುವ ಕಮಾಂಡಿನ ಹೆಸರು ಎಲ್‌ಬಿಯು. ಲೋಕಲ್ ಬ್ಯಾಕಪ್ ಯುಟಿಲಿಟಿ ಎಂಬುದರ ಮೂರು ಮೊದಲಕ್ಷರಗಳು. ಅದು ಬದಲಾದ ಸೆಟ್ಟಿಂಗ್ ಫೈಲುಗಳನ್ನು ಒಂದು ಗಂಟು ಕಟ್ಟಿ ಪೆನ್‌ಡ್ರೈವ್‌ನ ಮೇಲಿನ ಹಂತದಲ್ಲಿ ಇಡುತ್ತದೆ. ಗಂಟಿನ ಹೆಸರು ನಿಮ್ಮ ಯಂತ್ರದ ಹೆಸರಿನಿಂದ ಶುರುವಾಗುತ್ತದೆ. ಯಂತ್ರಕ್ಕೆ ಮನೆ ಎಂದು ಹೆಸರಿಟ್ಟಿದ್ದರೆ ಹೀಗೆ:

ಮನೆ.ಎಪಿಕೆಒವಿಎಲ್.ಟಾರ್.ಜಿಝಡ್

ಮುಂದಿನ ಸಲ ಬೂಟ್ ಆಗುವಾಗ ಅಲ್ಪೈನ್ ಈ ಗಂಟನ್ನು ಹುಡುಕಿ, ಬಿಚ್ಚಿ, ರ‍್ಯಾಮ್‌ನಲ್ಲಿ ಹರಡುತ್ತದೆ. ನಂತರ /ಇಟಿಸಿ/ಎಪಿಕೆ/ವರ್ಲ್ಡ್ ಎಂಬ ಫೈಲ್ ನೋಡಿ, ಅದರಲ್ಲಿರುವ ಪ್ಯಾಕೇಜುಗಳನ್ನು ಮತ್ತೆ ಹಾಕುತ್ತದೆ. ಅಂದರೆ ನಿಮ್ಮ ಸಿಸ್ಟಮ್ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ. ಗಂಟಿನಲ್ಲಿ ಇದ್ದದ್ದು ಬರುತ್ತದೆ, ಇಲ್ಲದ್ದು ಬರುವುದಿಲ್ಲ.

ಫೈಲುಗಳನ್ನು ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಪೆನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ ಇರುವುದು ಫ್ಯಾಟ್ ಫೈಲ್‌ಸಿಸ್ಟಮ್. ಫೈಲ್ ಯಾರದ್ದು, ಯಾರು ಓದಬಹುದು ಎಂಬ ಲಿನಕ್ಸ್ ವಿವರ ಅದರಲ್ಲಿ ಉಳಿಯುವುದಿಲ್ಲ. ಟಾರ್ ಗಂಟಿನೊಳಗೆ ಅವೆಲ್ಲ ಭದ್ರ.

ಪೆನ್‌ಡ್ರೈವ್ ಮೇಲೆ ಬರೆಯಲು ಆಗುತ್ತದೆಯೇ?

ಹೊಸಬರು ಎಡವುವ ಮೊದಲ ಜಾಗ ಇದು. ಐಎಸ್‌ಒ ಫೈಲನ್ನು ಡಿಡಿ ಕಮಾಂಡ್‌ನಿಂದ ನೇರವಾಗಿ ಪೆನ್‌ಡ್ರೈವ್‌ಗೆ ಇಳಿಸಿದರೆ ಅದು ಸಿಡಿಯ ಹಾಗೆ ಆಗುತ್ತದೆ. ಬೂಟ್ ಆಗುತ್ತದೆ, ಆದರೆ ಅದರ ಮೇಲೆ ಏನೂ ಬರೆಯಲಾಗದು. ಕಮಿಟ್ ಮಾಡಿದಾಗ, ಅಂದರೆ ಗಂಟನ್ನು ಪೆನ್‌ಡ್ರೈವ್‌ಗೆ ಇಳಿಸಲು ಹೋದಾಗ, ತಪ್ಪು ತೋರಿಸುತ್ತದೆ. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಎಸೆಯಬೇಡಿ.

ದಾರಿ ಎರಡಿವೆ. ಸುಲಭದ್ದು: ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಇನ್ನೊಂದು ಪೆನ್‌ಡ್ರೈವ್ ಚುಚ್ಚಿ, ಗಂಟನ್ನು ಅದರಲ್ಲಿ ಇಡಿ. ಅಲ್ಪೈನ್ ಬೂಟ್ ಆಗುವಾಗ ಜೋಡಿಸಿರುವ ಎಲ್ಲ ಡ್ರೈವ್‌ಗಳಲ್ಲೂ ಗಂಟು ಹುಡುಕುತ್ತದೆ. ನನಗೆ ಇಷ್ಟವಾದದ್ದು ಎರಡನೆಯದು. ಡಿಡಿ ಮಾಡಿದ ಪೆನ್‌ಡ್ರೈವ್‌ನಿಂದ ಒಮ್ಮೆ ಬೂಟ್ ಮಾಡಿ, ಸೆಟಪ್-ಬೂಟೇಬಲ್ ಎಂಬ ಸ್ಕ್ರಿಪ್ಟ್‌ನಿಂದ ಫ್ಯಾಟ್32 ಇರುವ ಎರಡನೇ ಪೆನ್‌ಡ್ರೈವ್ ಅನ್ನು ಬೂಟ್ ಆಗುವಂತೆ ಮಾಡಿಕೊಳ್ಳಿ. ಆಮೇಲೆ ಮೊದಲನೆಯದನ್ನು ಎತ್ತಿಡಿ. ಬೂಟೂ ಗಂಟೂ ಒಂದೇ ಕಡೆ ಇದ್ದರೆ ತಲೆನೋವು ಕಡಿಮೆ.

ರಾಸ್ಪ್‌ಬೆರಿ ಪೈ ಇದ್ದವರಿಗೆ ಈ ತೊಂದರೆಯೇ ಇಲ್ಲ. ಫ್ಯಾಟ್32 ಮಾಡಿದ ಎಸ್‌ಡಿ ಕಾರ್ಡ್ ಮೇಲೆ ಪೈಗೆಂದೇ ಇರುವ ಅಲ್ಪೈನ್ ಟಾರ್ ಫೈಲ್ ಬಿಚ್ಚಿದರೆ ಆಯಿತು.

ಸೆಟಪ್‌ನಲ್ಲಿ ಮೂರು ಉತ್ತರ

ಹೊಸ ಸಿಸ್ಟಮ್‌ನಲ್ಲಿ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ, ಒಳಗೆ ಹೋಗಿ ಇದನ್ನು ಓಡಿಸಿ:

ಸೆಟಪ್-ಅಲ್ಪೈನ್

ಕೀಬೋರ್ಡ್, ಯಂತ್ರದ ಹೆಸರು, ನೆಟ್‌ವರ್ಕ್, ಪಾಸ್‌ವರ್ಡ್ ಎಂದು ಒಂದೊಂದೇ ಕೇಳುತ್ತದೆ. ಅವು ನಿಮಗೆ ಗೊತ್ತಿರುವಂಥವೇ. ಬ್ಯಾಕಪ್‌ಗೆ ಸಂಬಂಧಿಸಿದ್ದು ಕೊನೆಯ ಮೂರು ಪ್ರಶ್ನೆಗಳು. ಯಾವ ಡಿಸ್ಕ್ ಬಳಸಬೇಕು ಎಂದು ಕೇಳಿದಾಗ "ನನ್" ಎನ್ನಿ, ಅಂದರೆ ಯಾವುದೂ ಬೇಡ. ಸೆಟ್ಟಿಂಗ್ ಎಲ್ಲಿ ಇಡಬೇಕು ಎಂದು ಕೇಳಿದಾಗ ಪೆನ್‌ಡ್ರೈವ್‌ನ ಹೆಸರು ಕೊಡಿ, ಸಾಮಾನ್ಯವಾಗಿ "ಯುಎಸ್‌ಬಿ". ಪೈನಲ್ಲಿ ಅದು "ಎಂಎಂಸಿಬಿಎಲ್‌ಕೆ0ಪಿ1" ಆಗಿರುತ್ತದೆ. ಪ್ಯಾಕೇಜ್ ಕ್ಯಾಶ್ (ಹಾಕಿದ ಪ್ಯಾಕೇಜುಗಳ ಪ್ರತಿ ಇಡುವ ಫೋಲ್ಡರ್) ಎಲ್ಲಿ ಎಂದು ಕೇಳಿದಾಗ /ಮೀಡಿಯಾ/ಯುಎಸ್‌ಬಿ/ಕ್ಯಾಶ್ ಎಂದು ಕೊಡಿ. ಹೆಸರಿನ ಬಗ್ಗೆ ಅನುಮಾನ ಇದ್ದರೆ ಇನ್ನೊಂದು ಟರ್ಮಿನಲ್‌ನಲ್ಲಿ ಮೌಂಟ್ ಎಂದು ಹೊಡೆದು ನೋಡಿ.

ಮೊದಲೇ ಸೆಟಪ್ ಮುಗಿಸಿದ್ದವರು ಸೆಟಪ್-ಎಲ್‌ಬಿಯು ಮತ್ತು ಸೆಟಪ್-ಎಪಿಕೆಕ್ಯಾಶ್ ಎರಡನ್ನೂ ಬೇರೆಬೇರೆಯಾಗಿ ಓಡಿಸಬಹುದು.

ಸೆಟಪ್ ಮುಗಿಯಿತು, ಎಲ್ಲ ಸರಿಯಿದೆ ಎಂದು ರೀಬೂಟ್ ಮಾಡಬೇಡಿ. ಇಲ್ಲಿಯವರೆಗೆ ಕೊಟ್ಟ ಉತ್ತರಗಳೂ ಇನ್ನೂ ಸ್ಲೇಟಿನ ಮೇಲೆಯೇ ಇವೆ.

ನೋಡಿ, ಆಮೇಲೆ ಕಮಿಟ್

ಮೊದಲು ಇದು:

ಎಲ್‌ಬಿಯು ಸ್ಟೇಟಸ್

ಕೊನೆಯ ಕಮಿಟ್ ಆದಮೇಲೆ ಏನೇನು ಬದಲಾಗಿದೆ ಎಂಬ ಪಟ್ಟಿ ಬರುತ್ತದೆ. ಸಾಲಿನ ಮೊದಲು ದೊಡ್ಡ ಎ ಇದ್ದರೆ ಹೊಸದಾಗಿ ಸೇರಿದ ಫೈಲ್, ಯು ಇದ್ದರೆ ಬದಲಾದ ಫೈಲ್, ಡಿ ಇದ್ದರೆ ಅಳಿಸಿದ್ದು. ಪಟ್ಟಿಯನ್ನು ಸಾಲುಸಾಲಾಗಿ ಓದಿ. ನೀವು ಮುಟ್ಟಿಯೇ ಇಲ್ಲದ ಫೈಲ್ ಅಲ್ಲಿ ಕಂಡರೆ ನಿಂತು ವಿಚಾರಿಸಿ. ಒಳಗೆ ಏನು ಬದಲಾಗಿದೆ ಎಂದು ನೋಡಲು ಎಲ್‌ಬಿಯು ಡಿಫ್ ಇದೆ. ಐಪಿ ವಿಳಾಸದಲ್ಲಿ ಒಂದು ಅಂಕಿ ತಪ್ಪಿದ್ದನ್ನು ನಾನು ಎಷ್ಟೋ ಸಲ ಹೀಗೆ ಹಿಡಿದಿದ್ದೇನೆ.

ಸರಿ ಅನ್ನಿಸಿದ ಮೇಲೆ:

ಎಲ್‌ಬಿಯು ಕಮಿಟ್ -ಡಿ

ಎಲ್‌ಬಿಯು ತಾನೇ ಪೆನ್‌ಡ್ರೈವ್ ಅನ್ನು ಬರೆಯಲು ತೆರೆದು, ಗಂಟು ಇಟ್ಟು, ಮತ್ತೆ ಮುಚ್ಚುತ್ತದೆ. ಪ್ರಾಂಪ್ಟ್ ವಾಪಸ್ ಬರುವ ತನಕ ಪೆನ್‌ಡ್ರೈವ್ ಕೀಳಬೇಡಿ. ಈ ಸಿಸ್ಟಮ್‌ನಲ್ಲಿ ಪ್ಲಗ್ ಕೀಳಬಾರದ ಮುಖ್ಯ ಕ್ಷಣ ಇದು.

-ಡಿ ಯಾಕೆ? ಯಂತ್ರದ ಹೆಸರನ್ನು ನೀವು ನಡುವೆ ಬದಲಿಸಿದಿರಿ ಎಂದುಕೊಳ್ಳಿ. ಹೊಸ ಹೆಸರಿನ ಗಂಟು ಬೇರೆ, ಹಳೇ ಹೆಸರಿನ ಗಂಟು ಬೇರೆ ಆಗುತ್ತದೆ. ಒಂದೇ ಪೆನ್‌ಡ್ರೈವ್‌ನಲ್ಲಿ ಎರಡು ಗಂಟು ಇದ್ದರೆ ಬೂಟ್ ಆಗುವಾಗ ಯಾವುದನ್ನು ಬಿಚ್ಚಬೇಕು ಎಂಬ ಗೊಂದಲ. ಆದ್ದರಿಂದ ಎಲ್‌ಬಿಯು ಹಳೆಯದನ್ನು ಕಂಡರೆ ಮುಂದೆ ಹೋಗದೆ ನಿಲ್ಲುತ್ತದೆ. -ಡಿ ಕೊಟ್ಟರೆ ಹಳೇ ಗಂಟನ್ನು ತೆಗೆದು ಹೊಸದನ್ನು ಇಡುತ್ತದೆ. ಬರೆಯದೆ ಸುಮ್ನೆ ಏನಾಗಬಹುದು ಎಂದು ನೋಡಬೇಕಾದರೆ -ಎನ್ ಕೊಡಿ.

ಗಂಟಿನೊಳಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ

ನನ್ನ ಸ್ಕ್ರಿಪ್ಟ್ ಕಳೆದುಹೋದದ್ದು ಇಲ್ಲಿ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಎಲ್‌ಬಿಯು ತಾನಾಗಿ ಕಾಯುವುದು /ಇಟಿಸಿ ಒಳಗಿನದ್ದನ್ನು ಮಾತ್ರ. ಅದರಲ್ಲೂ ಪ್ಯಾಕೇಜ್ ಜೊತೆ ಬಂದು ಹಾಗೆಯೇ ಉಳಿದಿರುವ ಫೈಲನ್ನು ಅದು ಮುಟ್ಟುವುದಿಲ್ಲ, ಯಾಕೆಂದರೆ ಅದು ಹೇಗೂ ಪ್ಯಾಕೇಜ್‌ನಿಂದ ಬರುತ್ತದೆ. ಬದಲಾದದ್ದು, ಹೊಸದಾಗಿ ಸೇರಿದ್ದು ಮಾತ್ರ ಗಂಟಿಗೆ. ಅದಕ್ಕೇ ಗಂಟು ಅಷ್ಟು ಪುಟ್ಟದು.

ಆದರೆ /ಇಟಿಸಿ ಒಳಗೇ ಒಂದು ವಿನಾಯಿತಿ ಇದೆ: /ಇಟಿಸಿ/ಇನಿಟ್.ಡಿ. ಸರ್ವಿಸ್ ಶುರುಮಾಡುವ ಸ್ಕ್ರಿಪ್ಟುಗಳು ಇರುವ ಜಾಗ ಇದು. ಅಲ್ಲಿ ಸಿಮ್‌ಲಿಂಕುಗಳನ್ನು (ಬೇರೆ ಫೈಲಿನ ಕಡೆ ಬೆರಳು ತೋರಿಸುವ ಕೊಂಡಿಗಳನ್ನು) ಮಾತ್ರ ಎಲ್‌ಬಿಯು ಎತ್ತಿಕೊಳ್ಳುತ್ತದೆ, ನಿಜವಾದ ಫೈಲುಗಳನ್ನು ಬಿಡುತ್ತದೆ. ಅವು ಪ್ಯಾಕೇಜುಗಳ ಸೊತ್ತು ಎಂಬುದು ಅದರ ಲೆಕ್ಕ. ನಾನು ಕೈಯಾರೆ ಬರೆದು ಅಲ್ಲಿಟ್ಟ ಸ್ಕ್ರಿಪ್ಟ್ ಯಾವ ಪ್ಯಾಕೇಜಿನದ್ದೂ ಅಲ್ಲ. ಕಮಿಟ್ ಮಾಡಿದೆ. ಎಲ್ಲವೂ ಹೋಯಿತು, ಅದೊಂದನ್ನು ಬಿಟ್ಟು. ಬೂಟ್ ಆಗುವಾಗ ಸರ್ವಿಸ್ ತಾನಾಗಿ ಏಳಲಿ ಎಂದು ಆರ್‌ಸಿ-ಅಪ್‌ಡೇಟ್ ಮಾಡಿದ್ದರಿಂದ /ಇಟಿಸಿ/ರನ್‌ಲೆವೆಲ್ಸ್ ಒಳಗೆ ಬಿದ್ದಿದ್ದ ಕೊಂಡಿ ಮಾತ್ರ ಉಳಿದಿತ್ತು. ಬೆಳಿಗ್ಗೆ ನೋಡಿದರೆ, ಇಲ್ಲದ ಸ್ಕ್ರಿಪ್ಟ್ ಕಡೆ ಬೆರಳು ತೋರಿಸುತ್ತಾ ಆ ಕೊಂಡಿ ನಿಂತಿತ್ತು.

ಹಾಗಾಗಿ ನೀವೇ ಬರೆದದ್ದನ್ನು ಹೆಸರು ಹೇಳಿ ಸೇರಿಸಿ:

ಎಲ್‌ಬಿಯು ಇನ್‌ಕ್ಲೂಡ್ /ಇಟಿಸಿ/ಇನಿಟ್.ಡಿ/ನಿಮ್ಮ-ಸ್ಕ್ರಿಪ್ಟ್
ಎಲ್‌ಬಿಯು ಇನ್‌ಕ್ಲೂಡ್ /ರೂಟ್/.ಎಸ್‌ಎಸ್‌ಎಚ್
ಎಲ್‌ಬಿಯು ಇನ್‌ಕ್ಲೂಡ್ /ಯುಎಸ್‌ಆರ್/ಲೋಕಲ್/ಬಿನ್

ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಇಲ್ಲದೆ ಒಳಗೆ ಬರಲು ಬೇಕಾದ ರೂಟ್‌ನ ಎಸ್‌ಎಸ್‌ಎಚ್ ಕೀ ಇರುವುದು /ರೂಟ್ ಒಳಗೆ, /ಇಟಿಸಿ ಒಳಗಲ್ಲ. ಅದನ್ನು ಸೇರಿಸದಿದ್ದರೆ ರೀಬೂಟ್ ಆದಮೇಲೆ ಕೀ ಇಟ್ಟುಕೊಂಡು ಒಳಗೆ ಹೋಗಲು ಆಗುವುದಿಲ್ಲ. ಮಾನಿಟರ್ ಇಲ್ಲದ ಯಂತ್ರವಾದರೆ ಅದನ್ನು ಬಿಚ್ಚಿ ಟಿವಿಗೆ ಜೋಡಿಸಿ ಕೂರಬೇಕಾಗುತ್ತದೆ. /ಹೋಮ್ ಒಳಗಿನ ನಿಮ್ಮ ಫೈಲುಗಳದ್ದೂ ಇದೇ ಕಥೆ.

ಸೇರಿಸಿದ್ದನ್ನು ನೋಡಲು ಎಲ್‌ಬಿಯು ಇನ್‌ಕ್ಲೂಡ್ -ಎಲ್, ಪಟ್ಟಿಯಿಂದ ತೆಗೆಯಲು -ಆರ್. ಬೇಡದ್ದನ್ನು ದೂರ ಇಡಲು ಎಲ್‌ಬಿಯು ಎಕ್ಸ್‌ಕ್ಲೂಡ್. ಸೇರಿಸಿದ ಮಾತ್ರಕ್ಕೆ ಮುಗಿಯಲಿಲ್ಲ, ಮತ್ತೆ ಕಮಿಟ್ ಮಾಡಲೇಬೇಕು.

ಈಗ ಖಾತ್ರಿ ಮಾಡಿಕೊಳ್ಳಿ. ಗಂಟಿಗೆ ಹೋಗುವ ಫೈಲುಗಳನ್ನೆಲ್ಲ ಎಲ್‌ಬಿಯು ಲಿಸ್ಟ್ ತೋರಿಸುತ್ತದೆ. ನಿಮ್ಮ ಸ್ಕ್ರಿಪ್ಟಿನ ಹೆಸರು ಅದರಲ್ಲಿದೆಯೇ ನೋಡಿ. ಅವತ್ತು ನಾನು ಈ ಅರ್ಧ ನಿಮಿಷದ ಕೆಲಸ ಮಾಡಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

/ವಾರ್ ಒಳಗಿನದ್ದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಡೇಟಾಬೇಸು, ಫೋಟೋ, ದೊಡ್ಡ ಲಾಗ್ ಇವನ್ನು ಗಂಟಿಗೆ ಹಾಕಬೇಡಿ. ಗಂಟು ದಪ್ಪವಾಗುತ್ತದೆ, ಬೂಟ್ ನಿಧಾನವಾಗುತ್ತದೆ, ರ‍್ಯಾಮ್ ತುಂಬುತ್ತದೆ. ಓಡುತ್ತಿರುವ ಡೇಟಾಬೇಸಿನ ಫೈಲನ್ನು ಹಾಗೇ ಎತ್ತಿಟ್ಟರೆ ಅದು ಅರ್ಧಂಬರ್ಧ ಆಗಿರಬಹುದು. ಅಂಥದ್ದಕ್ಕೆ ಬೇರೆ ಪಾರ್ಟಿಷನ್ ಮಾಡಿ, ಎಕ್ಸ್ಟ್4 ಹಾಕಿ, ಅದನ್ನು ಬೇರೆ ರೀತಿ ಬ್ಯಾಕಪ್ ಮಾಡಿ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಬಗ್ಗೆ ಚಿಂತೆ ಬೇಡ. ಅಲ್ಪೈನ್‌ನಲ್ಲಿ ಕ್ರಾನ್‌ಟ್ಯಾಬ್ ಇರುವುದು /ಇಟಿಸಿ/ಕ್ರಾನ್‌ಟ್ಯಾಬ್ಸ್ ಒಳಗೆ, ತಾನಾಗಿ ಗಂಟಿಗೆ ಸೇರುತ್ತದೆ.

ಪ್ಯಾಕೇಜುಗಳು: ಹೆಸರು ಒಂದು ಕಡೆ, ಸರಕು ಇನ್ನೊಂದು ಕಡೆ

ಪ್ಯಾಕೇಜ್ ಹಾಕುವ ಕಮಾಂಡ್ ಎಪಿಕೆ ಆಡ್ ಬಳಸಿ, ಐಪಿ ಹಂಚಿ ಡಿಎನ್‌ಎಸ್ ಉತ್ತರ ಕೊಡುವ ಡಿಎನ್‌ಎಸ್‌ಮಾಸ್ಕ್ ಹಾಕಿಕೊಂಡಿರಿ, ಕಮಿಟ್ ಮಾಡಿದಿರಿ. ರೀಬೂಟ್ ಆದಮೇಲೆ ಅದರ ಸೆಟ್ಟಿಂಗ್ ಫೈಲ್ ಇದೆ, ಪ್ರೋಗ್ರಾಮೇ ಇಲ್ಲ! ಗಂಟಿನಲ್ಲಿ ಹೋಗಿದ್ದು ವರ್ಲ್ಡ್ ಫೈಲಿನೊಳಗಿನ ಹೆಸರು ಮಾತ್ರ. ಪ್ಯಾಕೇಜ್ ಅನ್ನು ಬೂಟ್ ಆಗುವಾಗ ಎಲ್ಲಿಂದಾದರೂ ತರಬೇಕಲ್ವಾ? ಆ ಹೊತ್ತಿಗೆ ಇಂಟರ್ನೆಟ್ ಇನ್ನೂ ಬಂದಿರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇರುವ ಪ್ಯಾಕೇಜ್ ಆದರೆ ಸರಿ, ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಕ್ಯಾಶ್ ಬೇಕಾಗುವುದು ಇದಕ್ಕೆ. /ಇಟಿಸಿ/ಎಪಿಕೆ/ಕ್ಯಾಶ್ ಎಂಬ ಕೊಂಡಿ ಪೆನ್‌ಡ್ರೈವ್‌ನ ಕ್ಯಾಶ್ ಫೋಲ್ಡರಿಗೆ ಕರೆದೊಯ್ಯುತ್ತದೆ. ಅದು ಇದ್ದರೆ ನೀವು ಹಾಕಿದ ಪ್ಯಾಕೇಜಿನ ಒಂದು ಪ್ರತಿ ಅಲ್ಲಿ ಉಳಿಯುತ್ತದೆ. ಕ್ಯಾಶ್ ಮಾಡುವುದಕ್ಕಿಂತ ಮೊದಲೇ ಪ್ಯಾಕೇಜ್ ಹಾಕಿದ್ದರೆ ಹೀಗೆ ತರಿಸಿಕೊಳ್ಳಿ:

ಎಪಿಕೆ ಕ್ಯಾಶ್ ಡೌನ್‌ಲೋಡ್

ಹಳೇ ಆವೃತ್ತಿಗಳು ಸೇರಿ ಫೋಲ್ಡರ್ ಉಬ್ಬಿದಾಗ ಎಪಿಕೆ ಕ್ಯಾಶ್ ಕ್ಲೀನ್. ಎರಡನ್ನೂ ಒಟ್ಟಿಗೆ ಮಾಡಲು ಎಪಿಕೆ ಕ್ಯಾಶ್ ಸಿಂಕ್. ಪ್ಯಾಕೇಜ್ ಹಾಕಿದರೂ ತೆಗೆದರೂ ವರ್ಲ್ಡ್ ಫೈಲ್ ಬದಲಾಗುತ್ತದೆ. ಆದ್ದರಿಂದ ಆಮೇಲೆ ಒಂದು ಕಮಿಟ್ ಇರಲೇಬೇಕು.

ಹಳೇ ಗಂಟುಗಳನ್ನೂ ಇಟ್ಟುಕೊಳ್ಳಿ

ಕೆಟ್ಟ ಸೆಟ್ಟಿಂಗ್ ಕಮಿಟ್ ಆಗಿಬಿಟ್ಟರೆ? /ಇಟಿಸಿ/ಎಲ್‌ಬಿಯು/ಎಲ್‌ಬಿಯು.ಕಾನ್ಫ್ ಫೈಲನ್ನು ತೆರೆಯಿರಿ. ಅಲ್ಲಿ ದೊಡ್ಡಕ್ಷರದಲ್ಲಿ ಎಲ್‌ಬಿಯು_ಮೀಡಿಯಾ ಎಂದಿರುವ ಸಾಲು ಗಂಟು ಎಲ್ಲಿಗೆ ಹೋಗಬೇಕು ಎಂದು ಹೇಳುತ್ತದೆ. ಹಾಗೇ ದೊಡ್ಡಕ್ಷರದಲ್ಲಿರುವ ಬ್ಯಾಕಪ್_ಲಿಮಿಟ್ ಎಂಬ ಸಾಲಿನ ಮುಂದಿರುವ ಹ್ಯಾಶ್ ಗುರುತು ತೆಗೆದು 3 ಎಂದು ಕೊಡಿ:

ಬ್ಯಾಕಪ್_ಲಿಮಿಟ್=3

ಈಗಿನಿಂದ ಪ್ರತಿ ಕಮಿಟ್‌ನಲ್ಲೂ ಹಿಂದಿನ ಗಂಟು ತಾರೀಕು, ಗಂಟೆ ಸೇರಿದ ಹೆಸರಿನಲ್ಲಿ ಉಳಿಯುತ್ತದೆ. ಮೂರು ದಾಟಿದ ಮೇಲೆ ತೀರಾ ಹಳೆಯದು ಹೋಗುತ್ತದೆ. ನೋಡಲು ಎಲ್‌ಬಿಯು ಲಿಸ್ಟ್-ಬ್ಯಾಕಪ್. ವಾಪಸ್ ಹೋಗಲು ಎಲ್‌ಬಿಯು ರಿವರ್ಟ್ ಎಂದು ಬರೆದು ಮುಂದೆ ಆ ಪಟ್ಟಿಯಲ್ಲಿ ಕಂಡ ಹೆಸರನ್ನು ಕೊಡಿ. ರಿವರ್ಟ್ ಬದಲಿಸುವುದು ಪೆನ್‌ಡ್ರೈವ್ ಮೇಲಿನ ಗಂಟನ್ನು ಮಾತ್ರ. ಓಡುತ್ತಿರುವ ಸಿಸ್ಟಮ್ ಹಾಗೇ ಇರುತ್ತದೆ. ಹಳೇ ಸೆಟ್ಟಿಂಗ್ ಕಾಣಬೇಕಾದರೆ ರೀಬೂಟ್ ಮಾಡಿ. ನಡುವೆ ಮರೆತು ಇನ್ನೊಂದು ಕಮಿಟ್ ಮಾಡಿದರೆ ಕೆಟ್ಟದ್ದೇ ಮತ್ತೆ ಮೇಲೆ ಬಂದು ಕೂರುತ್ತದೆ.

ನೆಟ್‌ವರ್ಕೇ ಕೆಟ್ಟು ಒಳಗೆ ಹೋಗಲು ಆಗದಿದ್ದರೂ ಭಯಪಡಬೇಡಿ. ಪೆನ್‌ಡ್ರೈವ್ ಕಿತ್ತು ಬೇರೆ ಕಂಪ್ಯೂಟರಿಗೆ ಚುಚ್ಚಿ. ಫ್ಯಾಟ್ ಆದ್ದರಿಂದ ವಿಂಡೋಸ್‌ನಲ್ಲೂ ತೆರೆಯುತ್ತದೆ. ಈಗಿನ ಗಂಟನ್ನು ಬೇರೆ ಕಡೆ ಸರಿಸಿ, ತಾರೀಕು ಇರುವ ಹಳೇ ಗಂಟಿಗೆ ಮೊದಲಿನ ಹೆಸರು ಕೊಡಿ. ಅಷ್ಟೇ.

ಕಮಿಟ್ ಅನ್ನು ಕ್ರಾನ್‌ಗೆ ಹಾಕಿ ದಿನಾ ತಾನಾಗಿ ಆಗುವಂತೆ ಮಾಡಬಹುದು. ನಾನು ಮಾಡುವುದಿಲ್ಲ. ಡಿಸ್ಕ್‌ಲೆಸ್ ಸಿಸ್ಟಮ್‌ನ ದೊಡ್ಡ ಅನುಕೂಲವೇ ಇದು: ಏನನ್ನಾದರೂ ಕೆಡಿಸಿಕೊಂಡರೆ ಕಮಿಟ್ ಮಾಡದೆ ರೀಬೂಟ್ ಮಾಡಿದರೆ ಸಾಕು, ಎಲ್ಲ ಮೊದಲಿನಂತೆ. ತಾನಾಗಿ ಕಮಿಟ್ ಆಗುವಂತೆ ಮಾಡಿದರೆ ಅರ್ಧ ಮುಗಿಸಿದ ಪ್ರಯೋಗವೂ ರಾತ್ರಿ ನೋಟ್‌ಬುಕ್ಕಿಗೆ ಇಳಿದುಬಿಡುತ್ತದೆ.

ಪೆನ್‌ಡ್ರೈವೇ ಸತ್ತರೆ

ಮೂರು ಹಳೇ ಗಂಟು ಒಂದೇ ಪೆನ್‌ಡ್ರೈವ್‌ನಲ್ಲಿದ್ದರೆ ಅದು ಹೋದಾಗ ಮೂರೂ ಹೋಗುತ್ತವೆ. ಒಂದು ಪ್ರತಿ ಬೇರೆ ಕಂಪ್ಯೂಟರಿನಲ್ಲಿ ಇರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಕೂತು ನಾನು ಹೊಡೆಯುವ ಸಾಲು ಇದು:

ಎಸ್‌ಎಸ್‌ಎಚ್ ರೂಟ್@ಮನೆ "ಎಲ್‌ಬಿಯು ಪಿಕೆಜಿ -" > ಮನೆ.ಎಪಿಕೆಒವಿಎಲ್.ಟಾರ್.ಜಿಝಡ್

ಪಿಕೆಜಿ ಎಂದರೆ ಗಂಟು ಕಟ್ಟು, ಪೆನ್‌ಡ್ರೈವ್ ಮುಟ್ಟಬೇಡ ಎಂದು ಅರ್ಥ. ಕೊನೆಯ ಒಂಟಿ ಗೆರೆ ಅದನ್ನು ನೇರವಾಗಿ ಹೊರಗೆ ಹರಿಸುತ್ತದೆ, ಲ್ಯಾಪ್‌ಟಾಪ್ ಅದನ್ನು ಫೈಲಿಗೆ ತುಂಬಿಕೊಳ್ಳುತ್ತದೆ. ಈ ಕಮಾಂಡ್ ಕಟ್ಟುವುದು ಈಗ ರ‍್ಯಾಮ್‌ನಲ್ಲಿ ಇರುವುದನ್ನು. ಹಾಗಾಗಿ ಕಮಿಟ್ ಮಾಡಿದ ಕೂಡಲೇ ಇದನ್ನೂ ಮಾಡಿದರೆ ಎರಡೂ ಒಂದೇ ಆಗಿರುತ್ತವೆ. ಕ್ಯಾಶ್ ಫೋಲ್ಡರನ್ನೂ ಒಮ್ಮೆ ಕಾಪಿ ಮಾಡಿಟ್ಟುಕೊಳ್ಳಿ.

ಈ ಗಂಟನ್ನು ಎಲ್ಲೆಂದರಲ್ಲಿ ಇಡಬೇಡಿ. ಇದರೊಳಗೆ ಪಾಸ್‌ವರ್ಡುಗಳ ಹ್ಯಾಶ್ ಇರುವ ಶ್ಯಾಡೋ ಫೈಲ್ ಇದೆ, ಎಸ್‌ಎಸ್‌ಎಚ್‌ನ ಗುಟ್ಟಿನ ಕೀಗಳಿವೆ, ವೈಫೈ ಪಾಸ್‌ವರ್ಡ್ ಇರಬಹುದು. ಸಹಾಯ ಕೇಳುವ ಭರದಲ್ಲಿ ಯಾರಿಗೂ ಇಡೀ ಗಂಟನ್ನು ಕಳಿಸಬೇಡಿ. ಕಮಿಟ್‌ಗೆ -ಇ ಕೊಟ್ಟರೆ ಪಾಸ್‌ವರ್ಡ್ ಹಾಕಿ ಬೀಗ ಹಾಕಬಹುದು. ಆದರೆ ಆಗ ಪ್ರತಿ ಬೂಟ್‌ನಲ್ಲೂ ಪಾಸ್‌ವರ್ಡ್ ಕೇಳುತ್ತದೆ. ಕೀಬೋರ್ಡ್ ಇಲ್ಲದೆ ಮೂಲೆಯಲ್ಲಿ ಕೂತ ಯಂತ್ರ ಕರೆಂಟ್ ಬಂದಮೇಲೆ ನಿಮಗಾಗಿ ಕಾಯುತ್ತಾ ನಿಂತಿರುತ್ತದೆ. ನಮ್ಮ ಮನೆಯದ್ದಕ್ಕೆ ನಾನು ಬೀಗ ಹಾಕಿಲ್ಲ, ಲ್ಯಾಪ್‌ಟಾಪಿನಲ್ಲಿರುವ ಪ್ರತಿಯನ್ನು ಮಾತ್ರ ಎನ್‌ಕ್ರಿಪ್ಟ್ ಮಾಡಿಟ್ಟಿದ್ದೇನೆ.

ಕೊನೆಯ ಹೆಜ್ಜೆ, ಎರಡನೇ ಪೆನ್‌ಡ್ರೈವ್

ಇದನ್ನು ಬಿಡುವು ಇರುವ ಒಂದು ಭಾನುವಾರ ಮಾಡಿ. ಎರಡನೇ ಪೆನ್‌ಡ್ರೈವ್ ಅನ್ನು ಮೊದಲನೆಯದರ ಹಾಗೆಯೇ ಬೂಟ್ ಆಗುವಂತೆ ತಯಾರಿಸಿ. ಅಲ್ಪೈನ್‌ನ ಆವೃತ್ತಿ ಒಂದೇ ಇರಲಿ, ಇಲ್ಲದಿದ್ದರೆ ಪ್ಯಾಕೇಜುಗಳು ಒಂದಕ್ಕೊಂದು ಹೊಂದದೆ ಕಾಡುತ್ತವೆ. ಲ್ಯಾಪ್‌ಟಾಪಿನಲ್ಲಿರುವ ಗಂಟನ್ನು ಅದರ ಮೇಲಿನ ಹಂತದಲ್ಲೇ ಇಡಿ, ಯಾವ ಫೋಲ್ಡರಿನ ಒಳಗೂ ಬೇಡ. ಕ್ಯಾಶ್ ಫೋಲ್ಡರನ್ನೂ ಹಾಕಿ. ಮೊದಲ ಪೆನ್‌ಡ್ರೈವ್ ಕಿತ್ತು ಪಕ್ಕಕ್ಕಿಡಿ. ಎರಡೂ ಒಟ್ಟಿಗೆ ಚುಚ್ಚಿದ್ದರೆ ಗಂಟು ಯಾವುದರಿಂದ ಬಂತು ಎಂದು ಹೇಳುವುದು ಕಷ್ಟ.

ಬೂಟ್ ಮಾಡಿ. ಲಾಗಿನ್ ಪ್ರಾಂಪ್ಟ್‌ನಲ್ಲಿ ನಿಮ್ಮ ಯಂತ್ರದ ಹೆಸರು ಬಂದರೆ ಗಂಟು ಸಿಕ್ಕಿದೆ. ಬರೀ ಲೋಕಲ್‌ಹೋಸ್ಟ್ ಎಂದು ಬಂದರೆ ಸಿಕ್ಕಿಲ್ಲ, ಫೈಲಿನ ಹೆಸರು ಮತ್ತು ಜಾಗ ಇನ್ನೊಮ್ಮೆ ನೋಡಿ. ಆರ್‌ಸಿ-ಸ್ಟೇಟಸ್ ಹೊಡೆದು ಸರ್ವಿಸುಗಳೆಲ್ಲ ಎದ್ದಿವೆಯೇ ನೋಡಿ. ನೀವೇ ಬರೆದ ಸ್ಕ್ರಿಪ್ಟ್ ಓಡುತ್ತಿದೆಯೇ ನೋಡಿ.

ಆಮೇಲೆ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ. ಯಂತ್ರದ ಗುರುತು ಬದಲಾಗಿದೆ ಎಂಬ ಉದ್ದದ ಎಚ್ಚರಿಕೆ ಬಂದರೆ, /ಇಟಿಸಿ/ಎಸ್‌ಎಸ್‌ಎಚ್ ಒಳಗಿನ ಹೋಸ್ಟ್ ಕೀಗಳು ಗಂಟಿನಲ್ಲಿ ಬಂದಿಲ್ಲ, ಬೂಟ್ ಆದಾಗ ಹೊಸದಾಗಿ ಹುಟ್ಟಿವೆ ಎಂದರ್ಥ. ಮೊದಲ ಪೆನ್‌ಡ್ರೈವ್‌ಗೆ ವಾಪಸ್ ಹೋಗಿ, ಕಮಿಟ್ ಮಾಡಿ, ಮತ್ತೆ ಪ್ರತಿ ತೆಗೆಯಿರಿ. ಎಚ್ಚರಿಕೆಯೂ ಇಲ್ಲ, ಪಾಸ್‌ವರ್ಡೂ ಕೇಳಲಿಲ್ಲ, ನೇರ ಒಳಗೆ ಬಿಟ್ಟಿತು ಎಂದರೆ ನಿಮ್ಮ ಕೀ, ಯಂತ್ರದ ಕೀ ಎರಡೂ ಬಂದಿವೆ. ಆ ಪೆನ್‌ಡ್ರೈವ್ ಮೇಲೆ ಒಂದು ಚೀಟಿ ಅಂಟಿಸಿ, ತಾರೀಕು ಬರೆದು, ಯಂತ್ರದ ಪಕ್ಕದಲ್ಲೇ ಇಡಿ. ನಮ್ಮನೆಯದ್ದು ರೂಟರ್ ಹಿಂದೆ ಒಂದು ಪುಟ್ಟ ಡಬ್ಬಿಯಲ್ಲಿದೆ. ನಾನು ಊರಲ್ಲಿ ಇಲ್ಲದಾಗ ಮನೆಯವರು ಫೋನ್ ಮಾಡಿದರೆ, ಹಳೆಯದನ್ನು ಕಿತ್ತು ಡಬ್ಬಿಯಲ್ಲಿರುವುದನ್ನು ಚುಚ್ಚಿ, ಸ್ವಿಚ್ ಒತ್ತಿ ಎಂದಷ್ಟೇ ಹೇಳುತ್ತೇನೆ.